ಮರಿಯಾನೆ ಹೊಳೆಯಲ್ಲೇ ಇದೆ

ಹದಿನಾಲ್ಕು ತುಂಬಿದವರಿಗೆ ಮಕ್ಕಳ ಪುಸ್ತಕದ ಅಕ್ಷರ ಕಾಣುವುದಿಲ್ಲ. ಒಂದು ಮನೆಯ ಪುಸ್ತಕ ಇನ್ನೊಂದು ಮನೆಯ ಮಗುವಿಗೂ ಕಾಣುವುದಿಲ್ಲ. ಹಾಗಾಗಿ ನಮ್ಮನೆಯಲ್ಲಿ ದೊಡ್ಡ ಮಗಳು ನೀಹಾರಿಕಾ ಓದುತ್ತಾಳೆ, ನಾವೆಲ್ಲ ಕೇಳುತ್ತೇವೆ.

ಈ ಸಲದ್ದು ನಮ್ಮತ್ತೆಯ ಬಾಲ್ಯದ ಪುಸ್ತಕ; ಮದುವೆಯಾದಾಗ ಅವರ ಜೊತೆಗೇ ಬಂದು ಈ ಮನೆಯದಾಗಿದ್ದು, ಮೊನ್ನೆ ಅಟ್ಟದಲ್ಲಿ ಸಿಕ್ಕಿತು. ಕೊನೆ ಮುಟ್ಟುವ ಮೊದಲೇ ಅವರಿಗೆ ಹದಿನಾಲ್ಕು ತುಂಬಿತ್ತಂತೆ. ನಿನ್ನೆ ಕಥೆಯ ಮರಿಯಾನೆ ತುಂಬಿದ ಹೊಳೆಗೆ ಬಿದ್ದಿತ್ತು.

ಇವತ್ತು ಸಂಜೆ ಪುಸ್ತಕ ತೆರೆದ ನೀಹಾರಿಕಾ ಬೆಪ್ಪಾದಳು. "ಅಮ್ಮಾ, ಪುಟ ಖಾಲಿ."

"ಹುಟ್ಟುಹಬ್ಬಕ್ಕೆ ಇನ್ನೂ ಮೂರು ದಿನ ಇದೆಯಲ್ಲೇ!"

ಅತ್ತೆ ಎದ್ದು ಹೋಗಿ ಪಂಚಾಂಗ ನೋಡಿದರು. "ನಿಮ್ಮ ಕಾಲದ ಪುಸ್ತಕ ತಾರೀಖು ನೋಡುತ್ತೆ. ಇದು ನನ್ನ ಕಾಲದ್ದು, ತಿಥಿ ನೋಡುತ್ತೆ. ತಿಥಿ ಇವತ್ತೇ ಕಣೇ. ನನಗೂ ಮರೆತೇಹೋಗಿತ್ತು."

ಎಂಥ ಹಾಳು ಪುಸ್ತಕವೋ! ಮೂವರೂ ಬಿಳಿ ಹಾಳೆಯ ಮೇಲೆ ಬಗ್ಗಿ ನಿಂತೆವು. ನೀಹಾರಿಕಾ ಬಿಕ್ಕತೊಡಗಿದಳು.

ಐದು ವರ್ಷದ ಚಿಕ್ಕ ಮಗಳು ಚುಕ್ಕಿ ನಡುವೆ ನುಸುಳಿ ಪುಟದ ಮೇಲೆ ಬೆರಳಿಟ್ಟಳು. "ಎಷ್ಟೊಂದು ಬರೆದಿದಾರಲ್ಲ ಅಕ್ಕಾ! ಇದು 'ಅ'. ನಂಗೆ ಇದೊಂದೇ ಬರೋದು."

ಅತ್ತೆ ಆ ಪುಟ್ಟ ಬೆರಳನ್ನು ಹಿಡಿದುಕೊಂಡರು.

"ಬೇಗ ಕಲಿಯೇ ಕಂದಾ. ನಂಗೀಗ ಎಂಬತ್ತೇಳು."