ನಿದ್ದೆಯ ಅರ್ಧ

"ಡಾಕ್ಟರ ಸಾಹೇಬ್ರ, ಈ ಗುಳಿಗಿ ಮುರದ್ರ ನಿದ್ದಿದು ಯಾವ ಅರ್ಧರಿ?"

ಅಕ್ಕಿಆಲೂರಿನ ದವಾಖಾನೆಯ ಬಾಗಿಲಲ್ಲೇ ನಿಂತು ಕರೆವ್ವ ಕೇಳಿದಾಗ ಡಾಕ್ಟರ್ ಹಯಾತರಿಗೆ ಮೊದಲು ಅರ್ಥವೇ ಆಗಲಿಲ್ಲ. ಅವಳ ಸೊಂಟನೋವಿಗೆ ಬೆಳಿಗ್ಗೆ ಗುಳಿಗೆ ಕೊಟ್ಟವರು ಅವರೇ. ಇದೊಂದರಲ್ಲೇ ಎರಡು ಔಷಧ ಸೇರಿವೆ, ಒಂದು ನೋವಿಗೆ, ಇನ್ನೊಂದು ಅಫೀಮಿನ ಜಾತಿಯದು, ತುಸು ನಿದ್ದೆ ಬರಿಸುತ್ತದೆ ಅಂತ ಬಿಡಿಸಿ ಬೇರೆ ಹೇಳಿದ್ದರು. ಗುಳಿಗೆಯ ನಡುವೆ ಒಂದು ಗೆರೆ ಇತ್ತು. ಕರೆವ್ವ ಅದನ್ನು ಹೊಲದ ಬದುವಿನಂತೆ ತಿಳಿದಿದ್ದಳು. ಈಚೆ ಒಂದು ಔಷಧ, ಆಚೆ ಇನ್ನೊಂದು.

"ನೋವಿಂದು ನಾ ತಗೋತೇನ್ರಿ, ನಿದ್ದಿದು ಮೊಮ್ಮಗಗ. ಹಗಲೂ ರಾತ್ರಿ ಒಂದ ಸವನ ಅಳತೈತಿ. ಅವರಪ್ಪಗ ಅಫೀಮು ತೇದು ನೆಕ್ಕಸ್ತಿದ್ವಿ, ಈಗ ಸರಕಾರ ಅದನ್ನೂ ಬಂದ ಮಾಡೈತಿ."

"ಕೊಟ್ಟಿಯೇನವಾ?"

ಕೇಳದೆ ಕೊಡಲು ತಾನೇನು ಹುಚ್ಚಿಯೇ ಎಂದಳು ಕರೆವ್ವ. ಎರಡೂ ತುಂಡನ್ನು ಸೊಸೆ ಉಡಚವ್ವನ ಕೈಯಲ್ಲಿಟ್ಟು ಬಂದಿದ್ದಳು.

ಹಯಾತರು ಕಾದು ಕುಳಿತವರನ್ನು ಹಾಗೇ ಬಿಟ್ಟು ಎದ್ದರು. ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲೇ ಮನೆ. ಎಳೆಗೂಸಿಗೆ ಅರ್ಧ ಗುಳಿಗೆ ಕೊಟ್ಟರೂ ಉಸಿರು ನಿಂತೀತು ಎಂದು ದಾರಿಯಲ್ಲಿ ಹೇಳಿದಾಗ, ಸೊಂಟ ಹಿಡಿದುಕೊಂಡು ಹಿಂದೆ ಓಡುತ್ತಿದ್ದ ಕರೆವ್ವನ ದನಿ ಸಣ್ಣಗಾಯಿತು. "ನಿದ್ದಿ ಅಂತ ನೀವ ಅಂದ್ರೆಲ್ರಿ."

ಹಯಾತರು ಕಾಲು ಬೀಸಾಗಿ ಹಾಕಿದರು.

ಮನೆಯೊಳಗಿಂದ ಅಳು ಕೇಳುತ್ತಿರಲಿಲ್ಲ. ಕೂಸು ಕೌದಿಯ ಮೇಲೆ ಕಣ್ಣು ಮುಚ್ಚಿ ಬಿದ್ದಿತ್ತು. ಹಯಾತರು ಅಂಗಾಲಿಗೆ ಬೆರಳಿನಿಂದ ಹೊಡೆದರು. ಇನ್ನೊಮ್ಮೆ ಹೊಡೆದರು. ಕೂಸು ಮುಖವೆಲ್ಲ ಕೆಂಪಾಗಿ ಕಿಟಾರನೆ ಚೀರಿತು.

"ಈಗರ ಕಣ್ಣ ಮುಚ್ಚಿತ್ರಿ, ಎಬ್ಬಿಸಿಬಿಟ್ರಿ" ಎಂದಳು ಉಡಚವ್ವ. ಅವಳ ರೆಪ್ಪೆಗಳು ಜೋಲುತ್ತಿದ್ದವು.

"ಗುಳಿಗಿ ಎಲ್ಲೈತಿ ತಂಗಿ?"

"ಎರಡೂ ನಾನ ನುಂಗೇನ್ರಿ. ಹಡದ ನೋವೂ ನಂದ, ನಿದ್ದಿಗೆಟ್ಟಾಕಿನೂ ನಾನ."

ಆ ಔಷಧ ಹಾಲಿನಲ್ಲೂ ಇಳಿಯುತ್ತದೆ, ಇವತ್ತೊಂದು ದಿನ ಮೊಲೆ ಕೊಡಬೇಡ ಎಂದು ಹಯಾತರು ಹೇಳಿ ಮುಗಿಸುವುದರೊಳಗೆ, ಆಕೆ ಕೂಸನ್ನೆತ್ತಿ ಸೆರಗಿನೊಳಗೆ ಹಾಕಿಕೊಂಡಿದ್ದಳು.

ಅಳು ನಿಂತಿತು.