ಕಂದಿದ ಹೋಳು

ಎಣ್ಣೆಯಲ್ಲಿದ್ದ ಆಲೂಗಡ್ಡೆ ಹೋಳಿನ ಜೊತೆ ರೈತನ ಮುಖವೂ ಕಂದಿತು. ಚಿಪ್ಸ್ ಕಾರ್ಖಾನೆಯ ಗೇಟಿನಲ್ಲಿ ಹೀಗೆ ಒಂದು ಹೋಳು ಕರಿದು, ಬಣ್ಣ ನೋಡಿಯೇ ಲಾರಿಯನ್ನು ಒಳಗೆ ಬಿಡುತ್ತಿದ್ದರು.

“ಕೋಲ್ಡ್ ಸ್ಟೋರೇಜಲ್ಲಿ ಜಾಸ್ತಿ ತಣ್ಣಗಿಟ್ಟಿದ್ದೀರಿ ಯಜಮಾನ್ರೇ. ಗಡ್ಡೆ ಸಿಹಿಯಾಗಿದೆ. ಸಿಹಿಯಾದ್ರೆ ಕರಿದಾಗ ಕಪ್ಪಾಗುತ್ತೆ,” ಎಂದ ಪರೀಕ್ಷಕ.

“ಕೆಡಬಾರ್ದು ಅಂತ ಇಟ್ಟೆ ಸ್ವಾಮಿ. ಮಾರ್ಕೆಟ್ಟಿಗೆ ಒಯ್ಯೋಣ ಅಂದ್ರೆ ಈಗ ಯಾರ ಮನೇಲೂ ಸಿಪ್ಪೆ ಸುಲಿಯೋರೇ ಇಲ್ಲ, ಎಲ್ರೂ ನಿಮ್ಮ ಪ್ಯಾಕೆಟ್ ಹರಿಯೋರೇ. ಒಂದ್ಸಲ ತಿಂದಾದ್ರೂ ನೋಡಿ.”

ಪರೀಕ್ಷಕ ಹೋಳನ್ನು ಬಾಯಿಗೆ ಹಾಕಿಕೊಂಡ. ಕಣ್ಣರಳಿತು. ಇನ್ನೆರಡು ಕರಿದು, ಉಪ್ಪು ಉದುರಿಸಿ, ಅವನ್ನೂ ಮುಗಿಸಿದ. ರೈತನಿಗೆ ಹೋದ ಜೀವ ಬಂದಂತಾಯಿತು.

“ಇಂಥ ರುಚಿ ಕಂಡು ಎಷ್ಟು ಕಾಲ ಆಗಿತ್ತು,” ಎನ್ನುತ್ತಾ ಪರೀಕ್ಷಕ ಬೆರಳು ಒರೆಸಿಕೊಂಡು, ಲಾರಿಯನ್ನು ಬಂದ ದಾರಿಗೇ ತಿರುಗಿಸುವಂತೆ ಡ್ರೈವರನಿಗೆ ಕೈಸನ್ನೆ ಮಾಡಿದ.