ಹಿಂದೆ ಯಾರೂ ಇರಲಿಲ್ಲ

ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇರುವುದಿಲ್ಲ, ಓಡಿಸುವ ನನಗೆ ಬುದ್ಧಿ ಇರುವುದಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನ ಆ ರೌಂಡಿನಲ್ಲಿ ಪ್ರತಿ ರೇಸಿಗೂ ನಾಲ್ಕು ಜನ. ಪ್ರತಿ ರೇಸಿನಲ್ಲೂ ನಾನೇ ನಾಲ್ಕನೆಯವನು. ಗೆರೆಗೆ ಅಡ್ಡ ಕಟ್ಟಿದ ಟೇಪು ಮೇಲೆದ್ದ ಕೂಡಲೇ ಹೊರಡಬೇಕು. ಕೊನೆಯ ರೇಸಿನಲ್ಲಿ ನಾನು ಬಾಣದಂತೆ ಹೊರಟೆ. ತಿರುಗಿ ನೋಡಿದರೆ ಹಿಂದೆ ನರಪಿಳ್ಳೆಯೂ ಇಲ್ಲ! ಜನ ಎದ್ದು ನಿಂತು ಕೂಗುತ್ತಿದ್ದರು. ಬಾವುಟದವನಂತೂ ನನ್ನನ್ನು ಕಂಡಾಗಲೆಲ್ಲ ಕುಣಿದಾಡುತ್ತಿದ್ದ. ನಾಲ್ಕೂ ಸುತ್ತನ್ನು ಎಲ್ಲರಿಗೂ ಕೈಬೀಸುತ್ತಲೇ ಮುಗಿಸಿದೆ.

ನನ್ನ ಮೆಕ್ಯಾನಿಕ್ ಏದುಸಿರು ಬಿಡುತ್ತಾ ಓಡಿ ಬಂದ.

"ನೋಡಿದ್ಯೇನೋ? ಆ ಮೂವರೂ ಎಲ್ಲಿ ಬಿದ್ರು?" ಎಂದೆ.

"ಯಾರೂ ಬಿದ್ದಿಲ್ಲ ಸಾರ್," ಎಂದವನು ನನ್ನ ಹ್ಯಾಂಡಲ್ಲಿಗೆ ಸುತ್ತಿಕೊಂಡಿದ್ದ ಟೇಪನ್ನು ಬಿಡಿಸತೊಡಗಿದ. "ಇದನ್ನ ಮತ್ತೆ ಕಟ್ಟಿದ ಮೇಲೇ ಅವರು ಹೊರಡೋದು."